ಗಾಂಧೀಜಿಯವರ ಕಾಸಿನ ಲೆಕ್ಕ

ಕಳೆದ ವರ್ಷ ದೀಪಾವಳಿಯ ರಜೆ ಮುಗಿಸಿ ಹಾಸ್ಟೆಲಿಗೆ ಹಿಂದಿರುಗುವಾಗ ತಂದೆಯವರು ಪರೀಕ್ಷೆಯ ಶುಲ್ಕಕ್ಕೂ ಮೇಲುಖರ್ಚಿಗೂ ಸೇರಿಸಿ ೨,೦೦೦ ರೂಪಾಯಿಗಳನ್ನು ನನ್ನ ಕೈಯಲ್ಲಿಟ್ಟರು. ಶುಲ್ಕ ಕಟ್ಟುವ ಕಡೆಯ ದಿನ ಪೆಟ್ಟಿಗೆ ತೆರೆದು ನೋಡಿದರೆ ೬೪೦ ರೂಪಾಯಿ ಮಾತ್ರ ಉಳಿದಿತ್ತು. ಯಾರೂ ಕದ್ದಿರಲಿಲ್ಲ, ನಾನೂ ಇಸ್ಪೀಟು ಆಡಿರಲಿಲ್ಲ. ಒಂದು ಕಾಗದ ತೆಗೆದುಕೊಂಡು ಖರ್ಚನ್ನು ಜ್ಞಾಪಿಸಿಕೊಳ್ಳಲು ಕುಳಿತೆ. ಕ್ಯಾಂಟೀನಿನ ಕಾಫಿ, ಎರಡು ಸಿನಿಮಾ, ಗೆಳೆಯನ ಹುಟ್ಟುಹಬ್ಬದ ವಂತಿಗೆ, ಆಟೋ ಬಾಡಿಗೆ ಎಲ್ಲವನ್ನೂ ಸೇರಿಸಿದರೂ ೫೦೦ ರೂಪಾಯಿ ದಾಟಲಿಲ್ಲ. ಉಳಿದ ೮೬೦ ರೂಪಾಯಿ ಎಲ್ಲಿ ಹೋಯಿತೆಂಬುದು ಇಂದಿಗೂ ನನಗೆ ಗೊತ್ತಿಲ್ಲ.

ಮನೆಗೆ ಫೋನು ಮಾಡದೆ ಗತಿಯಿರಲಿಲ್ಲ. ತಂದೆಯವರಿಗೆ ಹೇಳುವ ಧೈರ್ಯವಾಗದೆ ಅಮ್ಮನಿಗೆ ಹೇಳಿದೆ. ಅವಳು ಬೈಯಲಿಲ್ಲ. ಊರಿನ ಬಸ್ಸು ನಮ್ಮ ಪೇಟೆಗೆ ಬರುವುದು ಮಧ್ಯಾಹ್ನಕ್ಕೆ. ಕಂಡಕ್ಟರರು ಒಂದು ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟುಗಳು. ಎಲ್ಲಕ್ಕೂ ಸಾಸಿವೆಯ ವಾಸನೆ. ಅಮ್ಮ ಅಡಿಗೆಮನೆಯ ಸಾಸಿವೆ ಡಬ್ಬಿಯಲ್ಲಿ ಎಷ್ಟು ತಿಂಗಳಿಂದ ಕೂಡಿಸಿಟ್ಟ ಹಣವೋ ಅದು!

ಇಲ್ಲಿ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಅಮ್ಮನ ಮಿತವ್ಯಯವನ್ನು ಕಂಡು ನಾನು ನಾಚಿಕೆಪಟ್ಟವನು. ಸವೆದುಹೋದ ಸೋಪಿನ ಬಿಲ್ಲೆಯನ್ನು ಆಕೆ ಹೊಸ ಸೋಪಿನ ಬೆನ್ನಿಗೆ ಅಂಟಿಸಿಡುತ್ತಾಳೆ. ಅಕ್ಕಿ ತೊಳೆದ ನೀರು ಹಸುವಿನ ಕಲಗಚ್ಚಿಗೆ, ಕೈ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಹಳೆಯ ಪಂಚೆ ಮೊದಲು ಮಗುವಿನ ಹಾಸು, ಅನಂತರ ಮಸಿಬಟ್ಟೆ. ಹಾಸ್ಟೆಲಿನ ಸ್ನೇಹಿತನೊಬ್ಬ ನಮ್ಮೂರ ಜಾತ್ರೆಗೆ ಬಂದಾಗ ಎರಡು ಬಣ್ಣದ ಆ ಸೋಪನ್ನು ನಾನು ಬಚ್ಚಲ ಕಿಟಕಿಯ ಹಿಂದೆ ಬಚ್ಚಿಟ್ಟಿದ್ದೆ. ಈಗ ಅದೇ ಸೋಪಿನಿಂದ ಉಳಿದ ಹಣ ನನ್ನ ಪರೀಕ್ಷೆಯ ಶುಲ್ಕವಾಯಿತು.

ಈ ಸಂಗತಿಯನ್ನು ನಮ್ಮ ಅಧ್ಯಾಪಕರೊಬ್ಬರಲ್ಲಿ ಹೇಳಿಕೊಂಡಾಗ ಅವರು ಉಪದೇಶ ಮಾಡಲಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಕನ್ನಡಕ್ಕೆ ತಂದ ಗಾಂಧೀಜಿಯವರ ಆತ್ಮಕಥೆಯನ್ನು ಗ್ರಂಥಭಂಡಾರದಿಂದ ತೆಗೆಸಿಕೊಟ್ಟರು. ಗಾಂಧೀಜಿ ಎಂದೊಡನೆ ನಮಗೆ ದಂಡಿಯ ಉಪ್ಪು, ಸೆರೆಮನೆ, ಉಪವಾಸಗಳು ನೆನಪಾಗುತ್ತವೆ. ಅವನ್ನೆಲ್ಲ ನಾವು ಶಾಲೆಯಲ್ಲಿಯೇ ಕಲಿತಿದ್ದೇವೆ. ನಾನು ಈ ಸಲ ಆ ಪುಸ್ತಕವನ್ನು ಓದಿದುದು ದುಡ್ಡು ಕಳೆದುಕೊಂಡವನ ಕಣ್ಣಿನಿಂದ. ಹಾಗೆ ಓದಿದಾಗ ಅದರೊಳಗೆ ಇನ್ನೊಂದು ಜೀವನಚರಿತ್ರೆಯೇ ಕಾಣಿಸಿತು. ಅದನ್ನೇ ಸಹಪಾಠಿಗಳ ಮುಂದಿಡಲು ಇಲ್ಲಿ ಪ್ರಯತ್ನಿಸಿದ್ದೇನೆ.

ಮೋಹನದಾಸರು ಹುಟ್ಟಿದುದು ೧೮೬೯ರ ಅಕ್ಟೋಬರ್ ೨ರಂದು, ಪೋರಬಂದರಿನಲ್ಲಿ. ತಂದೆ ಕರಮಚಂದರು ದಿವಾನಗಿರಿ ಮಾಡಿದವರು. ಆದರೆ ಹಣ ಕೂಡಿಡುವ ಆಸೆಯಿಲ್ಲದವರು. ತೀರಿಕೊಂಡಾಗ ಮಕ್ಕಳಿಗೆ ಅವರು ಬಿಟ್ಟುಹೋದ ಆಸ್ತಿ ಬಹಳ ಸ್ವಲ್ಪ. ಈ ಮನೆಯಲ್ಲಿ ಬಾಲಕನು ಕಂಡ ಮೊದಲ ಉಳಿತಾಯ ಬಹಳ ವಿಚಿತ್ರವಾದದ್ದು. ಆತನಿಗೆ ಹದಿಮೂರು ವರ್ಷವಾದಾಗ ಹಿರಿಯರು ಆತನ ಮದುವೆ, ಅಣ್ಣನ ಮದುವೆ, ದೊಡ್ಡಪ್ಪ ಚಿಕ್ಕಪ್ಪಂದಿರ ಕಡೆಯ ಸೋದರನೊಬ್ಬನ ಮದುವೆ, ಮೂರನ್ನೂ ಒಂದೇ ಚಪ್ಪರದಲ್ಲಿ ಮುಗಿಸಿಬಿಟ್ಟರು. ಮೂರು ಸಲದ ಖರ್ಚು ಒಂದೇ ಸಲಕ್ಕೆ ತೀರುತ್ತದೆ. ಒಂದೇ ಸಲವಾದುದರಿಂದ ಕೈಬಿಟ್ಟು ಖರ್ಚು ಮಾಡಬಹುದು ಎಂಬುದು ಅವರ ಲೆಕ್ಕ. ದುಂದುಗಾರಿಕೆಗೆ ಉಳಿತಾಯದ ಹೆಸರು ಕೊಡುವ ಈ ಜಾಣತನ ನಮ್ಮ ಮನೆಗಳಿಗೂ ಹೊಸದಲ್ಲ. ಒಂದು ಕೊಂಡರೆ ಇನ್ನೊಂದು ಉಚಿತವೆಂದು ಬೇಡದ ಎರಡು ಅಂಗಿಗಳನ್ನು ಹೊತ್ತು ತರುವ ನಾವೂ ಅದೇ ಚಪ್ಪರದ ಕೆಳಗೆ ನಿಂತವರೇ.

ಬಾಲ್ಯದ ಮೋಹನದಾಸನು ಹಣದ ವಿಷಯದಲ್ಲಿ ಸಾಧುವೇನೂ ಆಗಿರಲಿಲ್ಲ. ಬೀಡಿಯ ಚಪಲಕ್ಕೆ ಮನೆಯಾಳಿನ ತಾಮ್ರದ ಕಾಸುಗಳನ್ನು ಕದ್ದಿದ್ದನು. ಹದಿನೈದನೆಯ ವಯಸ್ಸಿನಲ್ಲಿ, ಅಣ್ಣನು ಮಾಡಿದ್ದ ಸುಮಾರು ೨೫ ರೂಪಾಯಿ ಸಾಲವನ್ನು ತೀರಿಸಲು ಅಣ್ಣನ ತೋಳಿನ ಚಿನ್ನದ ಕಡಗದಿಂದಲೇ ಒಂದು ತುಂಡನ್ನು ಕತ್ತರಿಸಿದನು. ಸಾಲ ತೀರಿತು, ಮನಸ್ಸಿನ ಭಾರ ತೀರಲಿಲ್ಲ. ಕಡೆಗೆ ತಪ್ಪೊಪ್ಪಿಗೆಯನ್ನು ಬರೆದು ಕಾಯಿಲೆಯ ಹಾಸಿಗೆಯಲ್ಲಿದ್ದ ತಂದೆಯ ಕೈಗೆ ಕೊಟ್ಟನು. ತಂದೆ ಓದಿ ಕಣ್ಣೀರಿಟ್ಟರು, ಕಾಗದವನ್ನು ಹರಿದುಹಾಕಿದರು, ಗದರಿಸಲಿಲ್ಲ. ಇನ್ನೊಬ್ಬರ ಹಣಕ್ಕೆ ನಾವು ಉತ್ತರ ಹೇಳಬೇಕು ಎಂಬ ಪಾಠವನ್ನು ಆ ದಿನ ಆತನು ಕಲಿತನೆಂದು ನನಗೆ ತೋರುತ್ತದೆ. ಅಮ್ಮ ಫೋನಿನಲ್ಲಿ ಬೈಯದೆ ಸುಮ್ಮನಿದ್ದ ಆ ಕ್ಷಣ ನನಗೆ ಈ ಪುಟದಲ್ಲಿ ಜ್ಞಾಪಕಕ್ಕೆ ಬಂತು.

೧೮೮೭ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಯಿತು. ಮುಂಬಯಿಯಲ್ಲಿಯೂ ಕಾಲೇಜಿತ್ತು, ಭಾವನಗರದಲ್ಲಿಯೂ ಇತ್ತು. ಭಾವನಗರದಲ್ಲಿ ಖರ್ಚು ಕಡಿಮೆಯೆಂದು ಅಲ್ಲಿನ ಸಾಮಲದಾಸ ಕಾಲೇಜಿಗೆ ಸೇರಿದರು. ಸರಕಾರಿ ಕಾಲೇಜಿಗೆ ಸೇರಿದ ನಮ್ಮಲ್ಲಿ ಅನೇಕರ ಕಥೆಯೂ ಇದೇ ಅಲ್ಲವೆ? ಪಾಠಗಳು ತಲೆಗೆ ಹತ್ತದೆ ಒಂದೇ ಅವಧಿಯ ಕೊನೆಗೆ ಅವರು ಮನೆಗೆ ಮರಳಿದರು. ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರಾಗಲಿ ಎಂದು ಕುಟುಂಬದ ಹಿತೈಷಿಯೊಬ್ಬರು ಸಲಹೆ ಕೊಟ್ಟರು. ಅದಕ್ಕೆ ನಾಲ್ಕೈದು ಸಾವಿರ ರೂಪಾಯಿ ಬೇಕೆಂದು ಅಂದಾಜಾಯಿತು. ಹೆಂಡತಿಯ ಒಡವೆಗಳನ್ನು ಮಾರುವ ಯೋಚನೆಯೂ ತರುಣನ ತಲೆಯಲ್ಲಿ ಬಂತು. ಅಣ್ಣ ಲಕ್ಷ್ಮೀದಾಸರು ಹಣದ ಹೊಣೆ ಹೊತ್ತರು. ೧೮೮೮ರ ಸೆಪ್ಟೆಂಬರ್ ೪ರಂದು ಮೋಹನದಾಸರು ಮುಂಬಯಿಯಿಂದ ಹಡಗು ಹತ್ತಿದರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ.

ಲಂಡನ್ನಿನಲ್ಲಿ ಮೊದಲು ಇಳಿದುಕೊಂಡುದು ಒಂದು ದೊಡ್ಡ ಹೋಟಲಿನಲ್ಲಿ. ಅಲ್ಲಿನ ಬಿಲ್ಲು ಮೂರು ಪೌಂಡು. ಅದನ್ನು ಕಂಡು ಅವರ ಎದೆ ಝಲ್ಲೆಂದಿತು. ಆದರೂ ಸ್ವಲ್ಪ ದಿನಗಳಲ್ಲಿ ಇಂಗ್ಲಿಷ್ ದೊಡ್ಡಮನುಷ್ಯನಾಗಬೇಕೆಂಬ ಹುಚ್ಚು ಹಿಡಿಯಿತು. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಉಡುಪು ಹೊಲಿಸಿದರು. ಹತ್ತೊಂಬತ್ತು ಷಿಲಿಂಗಿನ ಎತ್ತರದ ಟೋಪಿ ಬಂತು. ಅಣ್ಣನಿಗೆ ಬರೆದು ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರಪಣಿ ತರಿಸಿಕೊಂಡರು. ನರ್ತನದ ತರಗತಿಗೆ ಮೂರು ಪೌಂಡು ಕಟ್ಟಿದರು. ತಾಳಕ್ಕೆ ಹೆಜ್ಜೆ ಕೂಡಲಿಲ್ಲ. ಹಾಗಾದರೆ ಮೊದಲು ಸಂಗೀತದ ಕಿವಿ ಬರಲಿ ಎಂದು ಇನ್ನೊಂದು ಮೂರು ಪೌಂಡಿಗೆ ಪಿಟೀಲು ಕೊಂಡರು. ಭಾಷಣಕಲೆಯ ಮೇಷ್ಟರಿಗೆ ಬೇರೆ ಒಂದು ಗಿನಿ. ಈ ಹುಚ್ಚು ಮೂರು ತಿಂಗಳು ನಡೆಯಿತು. ತಾನು ಇಂಗ್ಲೆಂಡಿನಲ್ಲಿ ಬಾಳುವೆ ಮಾಡಲು ಬಂದವನಲ್ಲ, ವಿದ್ಯಾರ್ಥಿ ಎಂಬ ಅರಿವು ಮೂಡಿದಾಗ ಪಿಟೀಲು ಕಲಿಸುತ್ತಿದ್ದಾಕೆಯ ಹತ್ತಿರ ಹೋಗಿ ಅದನ್ನು ಬಂದ ಬೆಲೆಗೆ ಮಾರಿಸಿಬಿಟ್ಟರು.

ಆದರೆ ಈ ಹುಚ್ಚಿನ ದಿನಗಳಲ್ಲಿಯೂ ಅವರು ಒಂದು ಅಭ್ಯಾಸವನ್ನು ಬಿಟ್ಟಿರಲಿಲ್ಲ. ಒಂದೊಂದು ಕಾಸಿನ ಲೆಕ್ಕವನ್ನೂ ಬರೆದಿಡುತ್ತಿದ್ದರು. ಬಸ್ಸಿನ ಛಾರ್ಜು, ಅಂಚೆಯ ಖರ್ಚು, ವರ್ತಮಾನಪತ್ರಿಕೆಗೆ ಕೊಟ್ಟ ಒಂದೆರಡು ಪೆನ್ನಿ, ಎಲ್ಲವೂ ಪುಸ್ತಕಕ್ಕೆ ಏರುತ್ತಿತ್ತು. ರಾತ್ರಿ ಮಲಗುವ ಮುನ್ನ ಜಮಾ ಖರ್ಚು ಕೂಡಿಸಿ, ಕೈಯಲ್ಲಿ ಉಳಿದ ಹಣಕ್ಕೆ ತಾಳೆ ನೋಡಿ ದೀಪ ಆರಿಸುತ್ತಿದ್ದರು. ನನ್ನ ಮತ್ತು ಅವರ ಹುಚ್ಚಿಗೆ ಇರುವ ವ್ಯತ್ಯಾಸ ಇಷ್ಟೇ ಎನಿಸುತ್ತದೆ. ಇಬ್ಬರೂ ಖರ್ಚು ಮಾಡಿದೆವು. ಅವರಿಗೆ ಎಲ್ಲಿ ಹೋಯಿತೆಂದು ಗೊತ್ತಿತ್ತು. ಎಲ್ಲಿ ಹೋಯಿತೆಂದು ಗೊತ್ತಿರುವವನು ತಿದ್ದಿಕೊಳ್ಳಬಲ್ಲ. ಗೊತ್ತಿಲ್ಲದವನು ಪಶ್ಚಾತ್ತಾಪಪಡಬಹುದಷ್ಟೆ.

ಪುಸ್ತಕವನ್ನು ತಿರುವಿಹಾಕಿದಾಗ, ಖರ್ಚನ್ನು ಅರ್ಧಕ್ಕೆ ಇಳಿಸಲೇಬೇಕೆಂದು ಅವರು ನಿಶ್ಚಯಿಸಿದರು. ಒಂದು ಇಂಗ್ಲಿಷ್ ಕುಟುಂಬದ ಜೊತೆಯಲ್ಲಿ ವಾಸವಾಗಿದ್ದರು. ವಾರವಾರದ ಬಿಲ್ಲಿನ ಮೇಲೆ, ಸೌಜನ್ಯಕ್ಕಾಗಿ ಮನೆಯವರನ್ನು ಆಗಾಗ ಊಟಕ್ಕೆ ಕರೆದೊಯ್ಯುವ ಖರ್ಚೂ ಸೇರುತ್ತಿತ್ತು. ಅದನ್ನು ಬಿಟ್ಟು ಸ್ವಂತ ಕೊಠಡಿ ಹಿಡಿದರು. ಕೊಠಡಿಯನ್ನು ಆರಿಸಿದುದರಲ್ಲಿಯೂ ಲೆಕ್ಕವಿತ್ತು: ಕೆಲಸದ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗುವಂತಿರಬೇಕು. ಇದರಿಂದ ಗಾಡಿಯ ಬಾಡಿಗೆ ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿಯ ನಡಿಗೆ ಗಂಟಿಗೆ ಬಂತು. ಇಂಗ್ಲೆಂಡಿನ ಚಳಿಯಲ್ಲಿ ಕಾಯಿಲೆ ಬೀಳದೆ ಇದ್ದುದು ಈ ನಡಿಗೆಯಿಂದಲೇ ಎಂದು ಅವರು ನಂಬಿದ್ದರು.

ಅಷ್ಟಕ್ಕೆ ನಿಲ್ಲಲಿಲ್ಲ. ತನಗಿಂತ ಬಡವರಾದ ವಿದ್ಯಾರ್ಥಿಗಳು ಅವರ ಕಣ್ಣಿಗೆ ಬಿದ್ದರು. ಒಬ್ಬನು ಬಡವರ ಕೇರಿಯಲ್ಲಿ ವಾರಕ್ಕೆ ಎರಡು ಷಿಲಿಂಗಿನ ಕೋಣೆಯಲ್ಲಿದ್ದು, ಹೊತ್ತಿಗೆ ಎರಡು ಪೆನ್ನಿಯ ರೊಟ್ಟಿ ಕೋಕೋಗಳಲ್ಲಿ ಓದುತ್ತಿದ್ದನು. ಗಾಂಧಿಯವರು ಎರಡು ಕೊಠಡಿಗಳನ್ನು ಬಿಟ್ಟು ಒಂದಕ್ಕೆ ಬಂದರು. ಒಂದು ಒಲೆ ಕೊಂಡು ಬೆಳಗಿನ ಉಪಾಹಾರವನ್ನು ತಾವೇ ಮಾಡಿಕೊಂಡರು: ಓಟ್ಸಿನ ಗಂಜಿ, ಕೋಕೋ. ಅದಕ್ಕೆ ಹಿಡಿಯುತ್ತಿದ್ದುದು ಇಪ್ಪತ್ತೇ ನಿಮಿಷ. ಮಧ್ಯಾಹ್ನ ಹೊರಗೆ ಊಟ. ರಾತ್ರಿ ಕೋಣೆಯಲ್ಲಿ ರೊಟ್ಟಿ ಮತ್ತು ಕೋಕೋ. ಊರಿನಿಂದ ತರಿಸುತ್ತಿದ್ದ ಸಿಹಿತಿಂಡಿ, ಮಸಾಲೆಗಳನ್ನೂ ನಿಲ್ಲಿಸಿದರು. ಹೀಗೆ ದಿನದ ಖರ್ಚು ಒಂದು ಷಿಲಿಂಗು ಮೂರು ಪೆನ್ನಿಗೆ ಇಳಿಯಿತು.

ಇದಕ್ಕೆಲ್ಲ ಪ್ರೇರಣೆ ಏನು? ಧರ್ಮಗ್ರಂಥವಲ್ಲ, ದೇಶಭಕ್ತಿಯೂ ಅಲ್ಲ. ಊರಿನಲ್ಲಿ ಕಷ್ಟಪಡುತ್ತಿದ್ದ ಅಣ್ಣ. ಕೇಳಿದಾಗಲೆಲ್ಲ ಇಲ್ಲವೆನ್ನದೆ ಹಣ ಕಳಿಸುತ್ತಿದ್ದ ಆತನ ನೆನಪು ತಮ್ಮನನ್ನು ಇರಿಯುತ್ತಿತ್ತು. ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಭೇದ ಇಲ್ಲಿಯೇ ಇದೆಯೆಂದು ನಾನು ತಿಳಿದಿದ್ದೇನೆ. ಜಿಪುಣನ ಕಣ್ಣು ಹಣದ ಮೇಲೆ. ಮಿತವ್ಯಯಿಯ ಕಣ್ಣು ಆ ಹಣ ದುಡಿದು ಕಳಿಸಿದವನ ಮೇಲೆ. ಬಾಳುವೆ ಹೀಗೆ ಸರಳವಾದ ಮೇಲೆ ತಮ್ಮ ಬದುಕು ಬೇಸರವಾಗಲಿಲ್ಲ, ಒಳಗೂ ಹೊರಗೂ ಹೊಂದಿಕೆಯಾಯಿತು ಎಂದು ಗಾಂಧೀಜಿ ಬರೆದುಕೊಂಡಿದ್ದಾರೆ. ಓದಿಗೂ ಹೆಚ್ಚು ಹೊತ್ತು ದೊರೆಯಿತು. ನ್ಯಾಯಶಾಸ್ತ್ರದ ಜೊತೆಗೆ ಲಂಡನ್ ಮೆಟ್ರಿಕ್ಯುಲೇಷನ್ನಿಗೂ ಕಟ್ಟಿದರು; ಮೊದಲ ಸಲ ಲ್ಯಾಟಿನ್ನಿನಲ್ಲಿ ನಪಾಸು, ಎರಡನೆಯ ಸಲ ಪಾಸು. ೧೮೯೧ರ ಜೂನ್ ೧೦ರಂದು ಬ್ಯಾರಿಸ್ಟರಾದರು; ೧೨ರಂದು ಸ್ವದೇಶಕ್ಕೆ ಹೊರಟರು.

ಮುಂಬಯಿಯಲ್ಲಿ ವಕೀಲಿಯು ಕೈಗೆ ಹತ್ತಲಿಲ್ಲ. ಗಿರಗಾಂವದ ಮನೆಯಿಂದ ಹೈಕೋರ್ಟಿಗೆ ಮುಕ್ಕಾಲು ಗಂಟೆಯ ದಾರಿ. ಟ್ರಾಮನ್ನಾಗಲಿ ಗಾಡಿಯನ್ನಾಗಲಿ ಹತ್ತದೆ ಹೋಗುವಾಗಲೂ ಬರುವಾಗಲೂ ನಡೆಯುತ್ತಿದ್ದರು. ಒಮ್ಮೆ ಪ್ರೌಢಶಾಲೆಯೊಂದರಲ್ಲಿ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸಲು ತಿಂಗಳಿಗೆ ೭೫ ರೂಪಾಯಿ ಸಂಬಳದ ಕೆಲಸವಿದೆಯೆಂದು ಅರ್ಜಿ ಹಾಕಿದರು. ಪದವೀಧರರಲ್ಲವೆಂದು ಕೆಲಸ ಸಿಕ್ಕಲಿಲ್ಲ. ಬಿ.ಎ. ಆದ ಮೇಲೆ ಏನು ಮಾಡುವುದೆಂದು ಚಿಂತಿಸುವ ನಮಗೆ ಇದರಲ್ಲಿ ಸ್ವಲ್ಪ ಸಮಾಧಾನವಿದೆ. ಕಡೆಗೆ ೧೮೯೩ರಲ್ಲಿ ೧೦೫ ಪೌಂಡುಗಳ ಸಂಭಾವನೆಗೆ ಒಪ್ಪಿ ದಕ್ಷಿಣ ಆಫ್ರಿಕಕ್ಕೆ ತೆರಳಿದರು. ಅಲ್ಲಿ ಬಣ್ಣದ ಭೇದಕ್ಕೆ ಎದುರು ನಿಂತುದು, ಸತ್ಯಾಗ್ರಹವು ಹುಟ್ಟಿದುದು ಎಲ್ಲರಿಗೂ ತಿಳಿದ ಕಥೆ. ನಾನು ಅವರ ಮನೆಯೊಳಗೇ ಇರುತ್ತೇನೆ.

ನಾತಾಲಿನಲ್ಲಿ ಅವರ ಸಂಪಾದನೆ ಬೆಳೆಯಿತು, ಸಂಸಾರವೂ ಬೆಳೆಯಿತು. ಅಗಸನ ಬಿಲ್ಲು ಅದಕ್ಕಿಂತ ಬೇಗ ಬೆಳೆಯಿತು. ಕಾಲರು ದಿನಕ್ಕೊಂದು, ಅಂಗಿ ಎರಡು ದಿನಕ್ಕೊಂದು. ಅಗಸನೋ ಹೊತ್ತಿಗೆ ಸರಿಯಾಗಿ ತರುವವನಲ್ಲ. ಎರಡು ಮೂರು ಡಜನು ಅಂಗಿ ಕಾಲರುಗಳಿದ್ದರೂ ಸಾಲುತ್ತಿರಲಿಲ್ಲ. ಗಾಂಧಿಯವರು ಬಟ್ಟೆ ಒಗೆಯುವುದನ್ನು ಕಲಿಸುವ ಒಂದು ಪುಸ್ತಕ ಕೊಂಡು ಓದಿ, ಹೆಂಡತಿಗೂ ಕಲಿಸಿ, ಮನೆಯಲ್ಲಿಯೇ ಒಗೆತ ಪ್ರಾರಂಭಿಸಿದರು. ತಾವೇ ಗಂಜಿ ಹಾಕಿದ ಮೊದಲನೆಯ ಕಾಲರನ್ನು ಧರಿಸಿ ಕೋರ್ಟಿಗೆ ಹೋದರು. ಗಂಜಿ ಹೆಚ್ಚಾಗಿತ್ತು, ಇಸ್ತ್ರಿಪೆಟ್ಟಿಗೆ ಸಾಕಷ್ಟು ಕಾದಿರಲಿಲ್ಲ, ಸುಟ್ಟೀತೆಂಬ ಭಯದಿಂದ ಒತ್ತಿಯೂ ಇರಲಿಲ್ಲ. ಕಾಲರಿನಿಂದ ಗಂಜಿ ಉದುರುತ್ತಿದ್ದುದನ್ನು ಕಂಡು ವಕೀಲರೆಲ್ಲ ನಕ್ಕರು. ಇದು ಮೊದಲನೆಯ ಪ್ರಯತ್ನ, ನಿಮಗೆ ಇಷ್ಟು ನಗು ಕೊಟ್ಟಿತಲ್ಲ, ಅದೇ ಲಾಭ ಎಂಬರ್ಥದ ಮಾತನ್ನು ಹೇಳಿ ಅವರೂ ನಕ್ಕರು. ಕಾಲಕ್ರಮದಲ್ಲಿ ಕೈ ಎಷ್ಟು ಪಳಗಿತೆಂದರೆ, ೧೯೧೨ರಲ್ಲಿ ಗೋಖಲೆಯವರು ದಕ್ಷಿಣ ಆಫ್ರಿಕಕ್ಕೆ ಬಂದಾಗ ಒಂದು ಔತಣಕ್ಕೆ ಮುನ್ನ ಅವರ ಉತ್ತರೀಯಕ್ಕೆ ಇಸ್ತ್ರಿ ಬೇಕಾಯಿತು. ಅದು ರಾನಡೆಯವರು ಅವರಿಗೆ ಕೊಟ್ಟಿದ್ದು, ಪ್ರಾಣಕ್ಕಿಂತ ಹೆಚ್ಚಾದದ್ದು. ಗಾಂಧಿಯವರ ವಕೀಲಿಯನ್ನು ನಂಬುತ್ತಿದ್ದ ಗೋಖಲೆ ಅವರ ಅಗಸತನವನ್ನು ನಂಬಲು ಹಿಂಜರಿದರು. ಕೊನೆಗೆ ಒಪ್ಪಿ ಕೊಟ್ಟರು. ಉತ್ತರೀಯ ಚೆನ್ನಾಗಿ ಮಿರುಗಿ ಬಂತು.

ಕ್ಷೌರದ ಕಥೆಯೂ ಇಂಥದ್ದೇ. ಪ್ರಿಟೋರಿಯದಲ್ಲಿ ಬಿಳಿಯ ಕ್ಷೌರಿಕನೊಬ್ಬನು ಕರಿಯರ ಕೂದಲನ್ನು ಮುಟ್ಟಲಾರೆನೆಂದನು. ಗಾಂಧಿಯವರು ಕತ್ತರಿಸುವ ಯಂತ್ರವನ್ನು ಕೊಂಡು ಕನ್ನಡಿಯ ಮುಂದೆ ನಿಂತು ತಮ್ಮ ತಲೆಗೆ ತಾವೇ ಕೈಹಾಕಿದರು. ಮುಂದುಗಡೆ ಹೇಗೋ ಆಯಿತು, ಹಿಂದುಗಡೆ ಕೆಟ್ಟಿತು. ಇಲಿ ತಿಂದಿತೆ ಎಂದು ಸ್ನೇಹಿತರು ಹಾಸ್ಯಮಾಡಿದರು. ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ಉಳಿತಾಯವಲ್ಲ. ಆ ಕ್ಷೌರಿಕನ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ನಮ್ಮ ನಾಡಿನಲ್ಲಿ ನಮ್ಮ ಕ್ಷೌರಿಕರು ಅಸ್ಪೃಶ್ಯರೆನಿಸಿದವರ ತಲೆ ಮುಟ್ಟದಂತೆ ನಾವೇ ಮಾಡಿಲ್ಲವೆ, ಅದರ ಫಲ ಇದು ಎಂದುಕೊಂಡರು. ಕೆಲವು ಪೆನ್ನಿ ಉಳಿಸಿದ ಕೆಲಸದಿಂದ ಮನುಷ್ಯನು ಎಷ್ಟು ದೂರ ಯೋಚಿಸಬಹುದೆಂಬುದಕ್ಕೆ ಇದು ನಿದರ್ಶನ.

ಸಾರ್ವಜನಿಕರ ಹಣವೂ ಅವರ ಕೈಗೆ ಬಂತು. ೧೮೯೪ರಲ್ಲಿ ನಾತಾಲ್ ಇಂಡಿಯನ್ ಕಾಂಗ್ರೆಸ್ಸು ಸ್ಥಾಪಿತವಾಯಿತು. ಚಂದಾ ವಸೂಲಿಗೆ ರಸೀತಿ, ಪ್ರತಿ ಪೈಗೆ ಲೆಕ್ಕ; ಕೈಯಲ್ಲಿ ಹಣವಿಲ್ಲದೆ ಖರ್ಚಿಲ್ಲ, ಸಾಲವಂತೂ ಇಲ್ಲವೇ ಇಲ್ಲ. ಲಂಡನ್ನಿನ ರಾತ್ರಿಯ ಪುಸ್ತಕವೇ ಇಲ್ಲಿ ಸಂಸ್ಥೆಯ ಪುಸ್ತಕವಾಯಿತು. ಮುಂದೆ ಲಕ್ಷಗಟ್ಟಲೆ ಹಣ ಕೈಯಲ್ಲಿ ಓಡಾಡಿದಾಗಲೂ ತಾವು ನಡೆಸಿದ ಚಳುವಳಿಗಳಿಗೆ ಸಾಲ ಉಳಿಯದೆ ಹಣವೇ ಮಿಗುತ್ತಿದ್ದುದಕ್ಕೆ ಆ ಎಳೆಯ ವಯಸ್ಸಿನ ಅಭ್ಯಾಸವೇ ಕಾರಣವೆಂದು ಅವರು ಹೇಳಿಕೊಂಡಿದ್ದಾರೆ.

ಜೋಹಾನ್ಸ್‌ಬರ್ಗಿನ ಮನೆಯಲ್ಲಿ ಏಳು ಪೌಂಡು ಕೊಟ್ಟು ಒಂದು ಕೈಬೀಸುವ ಯಂತ್ರ ತಂದರು. ಅದರ ಕಬ್ಬಿಣದ ಚಕ್ರ ಒಬ್ಬನಿಗೆ ಭಾರ, ಇಬ್ಬರಿಗೆ ಹಗುರ. ಗಾಂಧಿಯವರು, ಗೆಳೆಯ ಪೋಲಾಕರು, ಮಕ್ಕಳು ಸರದಿಯಂತೆ ಗೋಧಿ ಬೀಸಿ ಮನೆಯಲ್ಲಿಯೇ ರೊಟ್ಟಿ ಸುಡುತ್ತಿದ್ದರು. ೧೯೧೦ರಲ್ಲಿ ಟಾಲ್‌ಸ್ಟಾಯ್ ಫಾರ್ಮು ಪ್ರಾರಂಭವಾಯಿತು. ಅಲ್ಲಿಂದ ಜೋಹಾನ್ಸ್‌ಬರ್ಗಿಗೆ ೨೧ ಮೈಲಿ. ಸಂಸ್ಥೆಯ ಕೆಲಸಕ್ಕಾದರೆ ರೈಲಿನಲ್ಲಿ ಮೂರನೆಯ ತರಗತಿ. ಸ್ವಂತ ಕೆಲಸಕ್ಕಾದರೆ ಕಾಲ್ನಡಿಗೆ. ರಾತ್ರಿ ಎರಡು ಗಂಟೆಗೆ ಎದ್ದು ಹೊರಡುವರು. ಮನೆಯಲ್ಲಿ ಬೀಸಿದ ಹಿಟ್ಟಿನ ರೊಟ್ಟಿ, ಮನೆಯಲ್ಲಿ ಅರೆದ ಕಡಲೆಕಾಯಿ ಬೆಣ್ಣೆ, ಕಿತ್ತಳೆ ಸಿಪ್ಪೆಯ ಮುರಬ್ಬ, ಇವೇ ಬುತ್ತಿ. ಈ ಒಂದು ನಿಯಮದಿಂದಲೇ ನೂರಾರು ರೂಪಾಯಿ ಉಳಿಯಿತು. ಸೆರೆಮನೆಗೆ ಹೋದ ಸತ್ಯಾಗ್ರಹಿಗಳ ಹೆಂಡಿರು ಮಕ್ಕಳನ್ನು ಸಾಕುತ್ತಿದ್ದ ಸಂಸ್ಥೆಗೆ ಆ ಹಣದ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

೧೯೧೫ರಲ್ಲಿ ಅವರು ಭಾರತಕ್ಕೆ ಹಿಂದಿರುಗಿದ ಮೇಲಿನ ಚಿಕ್ಕಪುಟ್ಟ ಅಭ್ಯಾಸಗಳನ್ನು ಕಾಕಾ ಕಾಲೇಲ್ಕರರು ಸೊಗಸಾಗಿ ದಾಖಲೆ ಮಾಡಿದ್ದಾರೆ. ಅದೇ ವರ್ಷದ ಮುಂಬಯಿ ಕಾಂಗ್ರೆಸ್ಸಿನ ಸಮಯದಲ್ಲಿ ಗಾಂಧೀಜಿ ಒಂದು ದಿನ ಮೇಜಿನ ಮೇಲೆ ಕೆಳಗೆ ಏನನ್ನೋ ಹುಡುಕುತ್ತಿದ್ದರು. ಕಳೆದುದು ಒಂದು ಮೋಟು ಪೆನ್ಸಿಲು. ಕಾಕಾ ತಮ್ಮ ಪೆನ್ಸಿಲನ್ನು ಕೊಡಹೋದರೆ ಬೇಡವೆಂದರು. ಅದನ್ನು ಮದರಾಸಿನಲ್ಲಿ ನಟೇಶನ್ನರ ಪುಟ್ಟ ಮಗನು ಪ್ರೀತಿಯಿಂದ ಕೊಟ್ಟಿದ್ದನು, ಕಳೆಯುವುದು ಹೇಗೆ? ಇಬ್ಬರೂ ಹುಡುಕಿದರು. ಸಿಕ್ಕಿದಾಗ ನೋಡಿದರೆ ಅದು ಎರಡು ಅಂಗುಲವೂ ಇರಲಿಲ್ಲ. ೧೯೩೦ರಲ್ಲಿ ಯರವಡಾ ಸೆರೆಮನೆಯಲ್ಲಿ ಕಾಕಾ ಅವರ ಜೊತೆಗಿದ್ದರು. ಹಲ್ಲುಜ್ಜಲು ಬೇವಿನ ಕಡ್ಡಿಯ ತುದಿ ಜಜ್ಜಿ ಕೊಟ್ಟರು. ಉಜ್ಜಿದ ಮೇಲೆ ಗಾಂಧೀಜಿ ಆ ತುದಿಯನ್ನು ಮಾತ್ರ ಕತ್ತರಿಸಿ, ಅದೇ ಕಡ್ಡಿಯನ್ನು ನಾಳೆಗೆ ಇಡಲು ಹೇಳಿದರು. ಇಲ್ಲಿ ಬೇವಿಗೇನು ಬರ, ದಿನಕ್ಕೊಂದು ಹೊಸ ಕಡ್ಡಿ ಸಿಗುತ್ತದಲ್ಲ ಎಂದು ಕಾಕಾ ಕೇಳಿದರು. ಸಿಗುತ್ತದೆ ನಿಜ, ಆದರೆ ಸಿಗುತ್ತದೆಂದು ಮರವನ್ನು ಕಡಿಯುವ ಹಕ್ಕು ನಮಗೆ ಬಂತೆ ಎಂಬುದು ಗಾಂಧೀಜಿಯವರ ಪ್ರಶ್ನೆ. ಬಂದ ಕಾಗದಗಳ ಬೆನ್ನಿನ ಮೇಲೆ, ಬಿಚ್ಚಿ ಹರಡಿದ ಲಕೋಟೆಗಳ ಒಳಮೈ ಮೇಲೆ ಅವರು ಬರೆಯುತ್ತಿದ್ದುದೂ ಇದೇ ಭಾವನೆಯಿಂದ. ನಮ್ಮ ಅಮ್ಮನ ಕರಿಬೇವಿನ ಗಿಡಕ್ಕೂ ಈ ಬೇವಿನ ಮರಕ್ಕೂ ನೆಂಟಸ್ತಿಕೆಯಿದೆ.

ಇಷ್ಟು ಹೊಗಳಿದ ಮೇಲೆ, ನನ್ನನ್ನು ತಡೆದ ಪುಟಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಈ ಲೆಕ್ಕದ ಪುಸ್ತಕದಿಂದ ಮನೆಯವರಿಗೆ ನೋವೂ ಆಯಿತು. ೧೯೦೧ರಲ್ಲಿ ನಾತಾಲಿನಿಂದ ಹೊರಟಾಗ ಜನರು ಕೊಟ್ಟ ಚಿನ್ನ ಬೆಳ್ಳಿ ವಜ್ರಗಳನ್ನೆಲ್ಲ ಗಾಂಧಿಯವರು ಸಮುದಾಯದ ನಿಧಿಗೆ ಬಿಟ್ಟುಕೊಟ್ಟರು. ಅದರಲ್ಲಿ ಕಸ್ತೂರಬಾ ಅವರಿಗೆಂದೇ ಬಂದಿದ್ದ ೫೦ ಗಿನಿಗಳ ಹಾರವೂ ಸೇರಿತ್ತು. ನಾಳೆ ಬರುವ ಸೊಸೆಯರಿಗೆ ಏನು ಕೊಡಲಿ ಎಂದು ಆ ತಾಯಿ ಅತ್ತರು, ವಾದಿಸಿದರು, ಕಡೆಗೆ ಒಪ್ಪಿದರು. ಮುಂಬಯಿಯಲ್ಲಿ ೧೦,೦೦೦ ರೂಪಾಯಿಗೆ ಮಾಡಿಸಿದ್ದ ಜೀವವಿಮೆಯನ್ನು ಕೆಲವು ವರ್ಷಗಳ ಮೇಲೆ ಕೈಬಿಟ್ಟರು. ಇನ್ನು ಮೇಲೆ ಉಳಿದ ಹಣವೆಲ್ಲ ಸಮುದಾಯಕ್ಕೆ ಎಂದು ಅಣ್ಣನಿಗೆ ಬರೆದರು. ಯಾವ ಅಣ್ಣನ ಹಣವನ್ನು ನೆನೆದು ಗಂಜಿ ಕುಡಿದರೋ ಆ ಅಣ್ಣ ಮುನಿದು ಬಹುಕಾಲ ದೂರವಾದನು. ಮರಣಕ್ಕೆ ಸ್ವಲ್ಪ ಮುಂಚೆ ಮಾತ್ರ ಮನಸ್ಸು ಕೂಡಿತು. ಹಿರಿಯ ಮಗ ಹರಿಲಾಲನು ತಂದೆಯಂತೆ ತಾನೂ ಇಂಗ್ಲೆಂಡಿನಲ್ಲಿ ಓದಬೇಕೆಂದು ಬಯಸಿದನು. ಅದಕ್ಕೆ ದೊರೆತ ಸಹಾಯವನ್ನು ತಂದೆ ಬೇರೆಯವರಿಗೆ ಕೊಟ್ಟರು. ೧೯೧೧ರಲ್ಲಿ ಮಗನು ಮನೆಬಿಟ್ಟು ಹೋದನು.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದುದು ೧೯೨೯ರ ಒಂದು ಪ್ರಸಂಗ. ಆಶ್ರಮಕ್ಕೆ ಬಂದವರು ಕಸ್ತೂರಬಾ ಅವರ ಕೈಗೆ ನಾಲ್ಕು ರೂಪಾಯಿ ಕೊಟ್ಟಿದ್ದರು. ಆಶ್ರಮದ ನಿಯಮದಂತೆ ಅದನ್ನು ಕಛೇರಿಗೆ ಒಪ್ಪಿಸಬೇಕಾಗಿತ್ತು, ಅವರು ಒಪ್ಪಿಸಿರಲಿಲ್ಲ. ಗಾಂಧೀಜಿ ಈ ವಿಷಯವನ್ನು ತಮ್ಮ ಪತ್ರಿಕೆಯಲ್ಲಿ ಊರಿಗೆಲ್ಲ ತಿಳಿಯುವಂತೆ ಬರೆದರು. ಸಾರ್ವಜನಿಕರ ಹಣ ಪವಿತ್ರವಾದದ್ದು, ಹೆಂಡತಿಯೆಂದು ರಿಯಾಯಿತಿ ಸಲ್ಲದು ಎಂಬ ನ್ಯಾಯವನ್ನು ನಾನು ಒಪ್ಪುತ್ತೇನೆ. ನಮ್ಮ ಕಾಲದ ಅನೇಕ ಕಛೇರಿಗಳಲ್ಲಿ ಆ ನ್ಯಾಯ ಇದ್ದಿದ್ದರೆ ನಾಡು ಬೇರೆಯಾಗಿರುತ್ತಿತ್ತು. ಆದರೂ ಆ ನಾಲ್ಕು ರೂಪಾಯಿಯ ಮುಂದೆ ನನಗೆ ಸಾಸಿವೆ ಡಬ್ಬಿ ಕಾಣಿಸುತ್ತದೆ. ಸ್ವಂತವೆಂದು ಹೇಳಿಕೊಳ್ಳಲು ಏನೂ ಇಲ್ಲದ ಹೆಣ್ಣುಮಗಳು ನಾಲ್ಕು ಕಾಸು ತೆಗೆದಿಡುವುದು ಯಾರಿಗಾಗಿ? ಬಹುಪಾಲು ಮಗನಿಗಾಗಿ, ಮೊಮ್ಮಗನಿಗಾಗಿ, ಕೆಟ್ಟ ಕಾಲಕ್ಕಾಗಿ. ನಮ್ಮ ತಂದೆಯವರು ಆ ಡಬ್ಬಿಯ ಲೆಕ್ಕ ಕೇಳಿದ್ದರೆ ಈ ವರ್ಷ ನಾನು ಪರೀಕ್ಷೆಗೆ ಕೂರುತ್ತಿರಲಿಲ್ಲ. ಮಹಾತ್ಮರಾದರೂ ಈ ಒಂದು ಪುಟದಲ್ಲಿ ನಾನು ಕಸ್ತೂರಬಾ ಅವರ ಪಕ್ಕಕ್ಕೆ ನಿಲ್ಲುತ್ತೇನೆ. ತನ್ನ ಕಾಸನ್ನು ಎಣಿಸುವುದು ಸದ್ಗುಣ. ಇನ್ನೊಬ್ಬರ ಕಾಸನ್ನು ಎಣಿಸುವಾಗ ಕೈ ಸ್ವಲ್ಪ ಮೆತ್ತಗಿರಬೇಕು.

೧೯೪೪ರ ಫೆಬ್ರವರಿಯಲ್ಲಿ ಕಸ್ತೂರಬಾ ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡರು. ೧೯೪೮ರ ಜನವರಿ ೩೦ರಂದು ಗಾಂಧೀಜಿ ಹತರಾದರು. ಅವರು ಬಿಟ್ಟುಹೋದ ಸಾಮಾನುಗಳು ಬಹಳ ಕಡಿಮೆ: ಕನ್ನಡಕ, ಗಡಿಯಾರ, ಪಾದರಕ್ಷೆ, ಊಟದ ಬಟ್ಟಲು, ಇಂಥವು. ೧೯ ಷಿಲಿಂಗಿನ ಟೋಪಿಯಿಂದ ಹೊರಟವರು ಇಲ್ಲಿಗೆ ಬಂದು ತಲುಪಿದ್ದರು. ದಾರಿಯುದ್ದಕ್ಕೂ ಜೊತೆಗಿದ್ದುದು ರಾತ್ರಿ ಮಲಗುವ ಮುನ್ನ ಬರೆದ ಆ ಪುಸ್ತಕ.

ಸಹಪಾಠಿಗಳೆ, ನಾವು ಯಾರೂ ಬೇವಿನ ಕಡ್ಡಿಯನ್ನು ಎರಡು ದಿನ ಇಟ್ಟುಕೊಳ್ಳಬೇಕಾಗಿಲ್ಲ, ತಲೆಗೂದಲನ್ನು ನಾವೇ ಕತ್ತರಿಸಿಕೊಂಡು ನಗೆಗೀಡಾಗಬೇಕಾಗಿಯೂ ಇಲ್ಲ. ಹನಿಗೂಡಿ ಹಳ್ಳವೆಂಬ ಗಾದೆ ನಮಗೆಲ್ಲ ಬಾಯಿಪಾಠವಾಗಿದೆ. ಹನಿ ಎಲ್ಲಿ ಸೋರುತ್ತದೆಂದು ನೋಡುವ ಅಭ್ಯಾಸವೊಂದು ಬೇಕು. ಹತ್ತು ರೂಪಾಯಿಯ ಒಂದು ನೋಟುಪುಸ್ತಕ, ರಾತ್ರಿ ಐದು ನಿಮಿಷ, ಇಷ್ಟೇ ಅದಕ್ಕೆ ತಗಲುವ ಬಂಡವಾಳ.

ನಾನೂ ಸಂಕ್ರಾಂತಿಯಿಂದ ಬರೆಯುತ್ತಿದ್ದೇನೆ. ಮೊದಲ ತಿಂಗಳಲ್ಲಿಯೇ ಕಳ್ಳ ಸಿಕ್ಕಿಬಿದ್ದ: ಹಸಿವಿಲ್ಲದೆ, ಬರಿಯ ಜೊತೆಗಾಗಿ ಕುಡಿದ ಮೂರನೆಯ ನಾಲ್ಕನೆಯ ಕಾಫಿ. ಯುಗಾದಿಗೆ ಊರಿಗೆ ಹೋದಾಗ ಪುಸ್ತಕವನ್ನು ಅಮ್ಮನಿಗೆ ತೋರಿಸಿದೆ. ಹೊಗಳುವಳೆಂದು ಎಣಿಸಿದ್ದೆ. ಅವಳು ಒಲೆಯ ಮುಂದೆ ಕುಳಿತು ಒಂದೊಂದು ಪುಟವನ್ನೂ ತಿರುವಿ ನೋಡಿ, ಅಲ್ಲಲ್ಲಿ ಇತರೆ ಎಂದು ಬರೆದು ಮುಂದೆ ೪೦, ೬೦ ಎಂದು ಹಾಕಿದ್ದೀಯಲ್ಲ, ಇತರೆ ಎಂದರೆ ಏನು ಮಗಾ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಈಗ ನನ್ನ ಪುಸ್ತಕದಲ್ಲಿ ಇತರೆ ಎಂಬ ಸಾಲು ಇಲ್ಲ. ರಜೆಗೆ ಹೋದಾಗ ಸಾಸಿವೆ ಡಬ್ಬಿಯಲ್ಲಿ ನಾನೂ ಒಂದು ನೋಟು ಹಾಕಿ ಬರುತ್ತೇನೆ. ಅದರ ಲೆಕ್ಕವನ್ನು ಮಾತ್ರ ಎಲ್ಲಿಯೂ ಬರೆದಿಟ್ಟಿಲ್ಲ.